ತೊಳೆ, ಹೇಳು, ಹೊರಡು: ಮಕ್ಕಳಿಗೆ ರೇಬೀಸ್ ಪಾಠ ಹೇಳುವ ಬಗೆ

ಶಾಲೆಯ ನಲ್ಲಿಯ ಮುಂದೆ ಏಳನೇ ತರಗತಿಯ ಹುಡುಗನೊಬ್ಬ ಮುಂಗೈ ಚಾಚಿಕೊಂಡು ನಿಂತಿದ್ದಾನೆ. ಬಿಸಿಯೂಟದ ಅಡುಗೆಮನೆಯಿಂದ ಒಂದು ಹನಿ ಎಣ್ಣೆ ಇಸಿದುಕೊಂಡು, ಅದರಲ್ಲಿ ಚಿಟಿಕೆ ಕುಂಕುಮ ಕಲಸಿ, ಅವನ ಕೈಗೆ ರೂಪಾಯಿ ಅಗಲಕ್ಕೆ ಹಚ್ಚಿದ್ದೇವೆ. ಅದೇ ನಾಯಿ ಕಚ್ಚಿದ ಜಾಗ ಎಂದುಕೊಳ್ಳಿ ಎಂದು ಮಕ್ಕಳಿಗೆ ಹೇಳಿದೆ. ಹುಡುಗ ಮೊದಲು ಬರೀ ನೀರಿನಲ್ಲಿ ತೊಳೆದ. ನೀರು ಗುಂಡುಗುಂಡಾಗಿ ಜಾರಿಹೋಯಿತು, ಕೆಂಪು ಹಾಗೇ ಉಳಿಯಿತು. ಆಮೇಲೆ ಸೋಪು ಕೊಟ್ಟೆವು. ನೊರೆ ಗುಲಾಬಿ ಬಣ್ಣಕ್ಕೆ ತಿರುಗಿ ಮೋರಿಗೆ ಹರಿಯಿತು, ಕೈ ಶುಭ್ರವಾಯಿತು.

ರೇಬೀಸ್ ಪಾಠವನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಹುಚ್ಚುನಾಯಿಯ ಚಿತ್ರ ತೋರಿಸಿ ಹೆದರಿಸುವುದಕ್ಕಿಂತ ಇದು ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ರೇಬೀಸ್ ವೈರಸ್ಸಿನ ಹೊರಗವಚದಲ್ಲಿ ಇರುವುದೂ ಜಿಡ್ಡೇ. ಎಣ್ಣೆಯನ್ನು ಬಿಡಿಸುವ ಸೋಪು ಆ ಕವಚವನ್ನೂ ಒಡೆಯುತ್ತದೆ. ಕವಚ ಒಡೆದ ವೈರಸ್ಸಿಗೆ ಜೀವಕೋಶದೊಳಗೆ ನುಗ್ಗುವ ಶಕ್ತಿ ಇರುವುದಿಲ್ಲ. ಹತ್ತು ರೂಪಾಯಿಯ ಸೋಪು ಅಷ್ಟು ದೊಡ್ಡ ಕೆಲಸ ಮಾಡುತ್ತದೆ ಎನ್ನುವುದನ್ನು ಮಕ್ಕಳು ಕೇಳಿ ನಂಬುವುದಕ್ಕಿಂತ ಕಣ್ಣಾರೆ ನೋಡಿ ನಂಬಬೇಕು.

ಇನ್ನೊಂದು ಸಂಗತಿಯನ್ನೂ ಆ ನಲ್ಲಿಯ ಹತ್ತಿರವೇ ಕಲಿಸಬಹುದು. ಗಾಯವನ್ನು 15 ನಿಮಿಷ ತೊಳೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳು ತಲೆಯಾಡಿಸಿ, ನೋಟ್‌ಬುಕ್ಕಿನಲ್ಲಿ ಬರೆದೂಕೊಳ್ಳುತ್ತಾರೆ. ಆದರೆ 15 ನಿಮಿಷ ಅಂದರೆ ಎಷ್ಟು ಹೊತ್ತು? 'ಸಾಕು ಅನ್ನಿಸಿದಾಗ ನಿಲ್ಲಿಸಿ' ಎಂದು ಹೇಳಿ, ನಾನು ಗಡಿಯಾರ ನೋಡುತ್ತ ನಿಲ್ಲುತ್ತೇನೆ. ಹೆಚ್ಚಿನವರು ಒಂದೂವರೆ ನಿಮಿಷ ದಾಟುವುದಿಲ್ಲ. 'ಇನ್ನೂ ಹದಿಮೂರುವರೆ ನಿಮಿಷ ಬಾಕಿ' ಎಂದರೆ ಕಣ್ಣರಳಿಸುತ್ತಾರೆ. ನೀರು ಸುಮ್ಮನೆ ಪೋಲಾಗದ ಹಾಗೆ ಕೆಳಗೆ ಬಕೆಟ್ ಇಟ್ಟು, ಗಿಡಗಳಿಗೆ ಹಾಕುತ್ತೇವೆ. ಅರ್ಧ ಪೀರಿಯಡ್ಡು ಅದರಲ್ಲೇ ಮುಗಿಯುತ್ತದೆ, ಮುಗಿಯಲಿ. ಆ ಉದ್ದವನ್ನು ಕೈ ಒಮ್ಮೆ ಅನುಭವಿಸಿದರೆ ಮರೆಯುವುದಿಲ್ಲ.

ಕಾಲುದಾರಿ ಹಿಡಿಯುವ ವೈರಸ್

ಸ್ವಲ್ಪ ದೊಡ್ಡ ಮಕ್ಕಳು, ಎಂಟು-ಒಂಬತ್ತನೇ ತರಗತಿಯವರು, ಕೇಳುವ ಮೊದಲ ಪ್ರಶ್ನೆ: ನಾಯಿ ಕಚ್ಚಿದ್ದು ಕಾಲಿಗೆ, ರೋಗ ಬರುವುದು ತಲೆಗೆ, ಅದು ಹೇಗೆ? ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳಿದರೆ ರೇಬೀಸಿನ ಅರ್ಧ ವಿಜ್ಞಾನ ಹೇಳಿದ ಹಾಗೆ.

ಬೇರೆ ಎಷ್ಟೋ ರೋಗಾಣುಗಳು ರಕ್ತದಲ್ಲಿ ಸೇರಿ ಮೈಯೆಲ್ಲ ಹರಡುತ್ತವೆ. ರಕ್ತ ರಾಜಮಾರ್ಗವಿದ್ದ ಹಾಗೆ, ಅಲ್ಲಿ ದೇಹದ ಕಾವಲುಗಾರರು ಸದಾ ಓಡಾಡುತ್ತಿರುತ್ತಾರೆ. ಕಳ್ಳ ಬಂದರೆ ಗೊತ್ತಾಗುತ್ತದೆ. ರೇಬೀಸ್ ವೈರಸ್ ಆ ದಾರಿಗೆ ಹೋಗುವುದೇ ಇಲ್ಲ. ಕಚ್ಚಿದ ಜಾಗದ ಮಾಂಸಖಂಡದಲ್ಲಿ ಸ್ವಲ್ಪ ಕಾಲ ಅಡಗಿದ್ದು, ಅಲ್ಲಿಯ ನರದ ತುದಿಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಹೊಲದ ಬದುವಿನ ಮೇಲೆ ಯಾರ ಕಣ್ಣಿಗೂ ಬೀಳದೆ ನಡೆದುಹೋಗುವವನ ಹಾಗೆ ನರದೊಳಗೇ ನಿಧಾನವಾಗಿ ಬೆನ್ನುಹುರಿಯ ಕಡೆಗೆ, ಅಲ್ಲಿಂದ ಮೆದುಳಿಗೆ ಸಾಗುತ್ತದೆ. ಮೆದುಳಲ್ಲಿ ಬೆಳೆದು ಮತ್ತೆ ನರಗಳ ಮೂಲಕವೇ ಕೆಳಗಿಳಿದು ಜೊಲ್ಲಿನ ಗ್ರಂಥಿಗಳಿಗೆ ಬರುತ್ತದೆ. ಅದಕ್ಕೇ ಕಚ್ಚಿದಾಗ ಜೊಲ್ಲಿನಿಂದ ರೋಗ ಅಂಟುತ್ತದೆ.

ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ಒಂದು ವರ್ಷ. ಕಾಲಿಗೆ ಕಚ್ಚಿದರೆ ದಾರಿ ದೂರ; ಮುಖಕ್ಕೆ, ಕುತ್ತಿಗೆಗೆ, ತಲೆಗೆ ಕಚ್ಚಿದರೆ ಹತ್ತಿರ. ನರಗಳು ಒತ್ತಾಗಿರುವ ಬೆರಳ ತುದಿಗೆ ಕಚ್ಚಿದರೂ ಅಪಾಯ ಹೆಚ್ಚು. ಮಕ್ಕಳಿಗೆ ಯಾಕೆ ಹೆಚ್ಚು ತೊಂದರೆ ಎನ್ನುವುದು ಇಲ್ಲೇ ತಿಳಿಯುತ್ತದೆ. ಒಂದನೇ ತರಗತಿಯ ಮಗುವಿನ ಮುಖ ನಾಯಿಯ ಬಾಯಿಗೆ ಎಷ್ಟು ಹತ್ತಿರ ಎಂದು ಯೋಚಿಸಿ ನೋಡಿ. ರೇಬೀಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೆದುಳಿಗೆ ತಲುಪಿದ ಮೇಲೆ? ಕಚ್ಚಿದ ಜಾಗದಲ್ಲಿ ಜುಮ್ಮೆನ್ನುವುದು, ಜ್ವರ, ಕಳವಳದಿಂದ ಶುರುವಾಗುತ್ತದೆ. ಆಮೇಲೆ ನೀರು ನುಂಗಲು ಹೋದರೆ ಗಂಟಲಿನ ಸ್ನಾಯುಗಳು ಹಿಡಿದುಕೊಂಡು ವಿಪರೀತ ನೋವಾಗುತ್ತದೆ. ಬರಬರುತ್ತ ನೀರು ಕಂಡರೇ, ಮುಖಕ್ಕೆ ಗಾಳಿ ತಾಗಿದರೇ ರೋಗಿ ಬೆಚ್ಚಿಬೀಳುತ್ತಾನೆ. ಜಲಭೀತಿ ಎನ್ನುವುದು ಇದನ್ನೇ. ಐದರಲ್ಲಿ ಒಬ್ಬರಿಗೆ ಈ ಗಲಾಟೆ ಏನೂ ಇರುವುದಿಲ್ಲ, ಕೈಕಾಲು ಸೋತು ನಿಧಾನವಾಗಿ ಪಾರ್ಶ್ವವಾಯುವಿನ ಹಾಗೆ ಬರುತ್ತದೆ. ಯಾವ ರೂಪದಲ್ಲಿ ಬಂದರೂ, ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಂದಿಗೂ ಇಲ್ಲ. ಆಗ ಲಸಿಕೆ ಕೊಡುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಈ ಭಾಗವನ್ನು ದೊಡ್ಡ ಮಕ್ಕಳಿಗೆ ಮಾತಿನಲ್ಲಿ, ಸಮಾಧಾನವಾಗಿ ಹೇಳಿದರೆ ಸಾಕು. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ, ರೋಗಿಗಳು ಒದ್ದಾಡುವ ವಿಡಿಯೊಗಳನ್ನು ತರಗತಿಯಲ್ಲಿ ತೋರಿಸಲೇಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಸಾಯುತ್ತಿರುವ ಒಬ್ಬ ಮನುಷ್ಯನ ಮಾನದ ಪ್ರಶ್ನೆ. ಅದೂ ಅಲ್ಲದೆ, ಅಷ್ಟು ಹೆದರಿದ ಮಗು ತನಗೆ ಏನಾದರೂ ಆದಾಗ ಬಾಯಿಬಿಡುವುದಿಲ್ಲ. ರೇಬೀಸ್ ಗೆಲ್ಲುವುದು ಇಂಥ ಮೌನದಲ್ಲೇ.

ಓಟದ ಪಂದ್ಯ

ವೈರಸ್ ನಿಧಾನಕ್ಕೆ ನಡೆಯುತ್ತದೆ ಎನ್ನುವುದೇ ನಮ್ಮ ಪುಣ್ಯ. ಅದು ನರದೊಳಗೆ ಸೇರಿಕೊಳ್ಳುವ ಮೊದಲೇ ದೇಹದಲ್ಲಿ ಕಾವಲುಗಾರರನ್ನು, ಅಂದರೆ ಪ್ರತಿಕಾಯಗಳನ್ನು, ನಿಲ್ಲಿಸಬಹುದು. ಬೇರೆ ಲಸಿಕೆಗಳನ್ನು ರೋಗಾಣು ಬರುವ ಮೊದಲು ಹಾಕಿಸಿಕೊಳ್ಳುತ್ತೇವೆ. ರೇಬೀಸ್ ಲಸಿಕೆ ಕಚ್ಚಿದ ಮೇಲೆ ಹಾಕಿಸಿಕೊಂಡರೂ ಕೆಲಸ ಮಾಡುವುದು ಈ ಕಾರಣಕ್ಕೆ.

ಇದನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವರು ಫ್ರಾನ್ಸಿನ ಲೂಯಿ ಪಾಶ್ಚರ್. ಮಕ್ಕಳಿಗೆ ಈ ಕಥೆ ಬಹಳ ಇಷ್ಟ, ಯಾಕೆಂದರೆ ಕಥಾನಾಯಕರು ಅವರ ವಯಸ್ಸಿನವರೇ. 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನನ್ನು ತಾಯಿ ಪ್ಯಾರಿಸ್ಸಿಗೆ ಕರೆತಂದಳು. ಹುಚ್ಚುನಾಯಿ ಅವನಿಗೆ ಹಲವು ಕಡೆ ಕಚ್ಚಿತ್ತು. ಪಾಶ್ಚರ್ ವೈದ್ಯರಲ್ಲ, ರಸಾಯನಶಾಸ್ತ್ರಜ್ಞರು. ಸೂಜಿ ಚುಚ್ಚಿದ್ದು ಬೇರೆ ವೈದ್ಯರು. ರೋಗ ತಗಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ, ವೈರಸ್ಸಿನ ಬಲ ಕುಗ್ಗಿಸಿ ಮಾಡಿದ ಲಸಿಕೆ ಅದು. ಹತ್ತು-ಹನ್ನೊಂದು ದಿನಗಳಲ್ಲಿ 13 ಇಂಜೆಕ್ಷನ್. ಹುಡುಗ ಬದುಕಿದ, ದೊಡ್ಡವನಾಗಿ ಅದೇ ಪಾಶ್ಚರ್ ಸಂಸ್ಥೆಯಲ್ಲಿ ಕಾವಲುಗಾರನಾದ. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಇನ್ನೊಬ್ಬ, 15 ವರ್ಷದ ಕುರಿಗಾಹಿ ಹುಡುಗ ಜ್ಯೂಪಿಯ್. ತನಗಿಂತ ಚಿಕ್ಕ ಮಕ್ಕಳ ಮೇಲೆ ಎರಗಿದ ಹುಚ್ಚುನಾಯಿಯ ಜೊತೆ ಸೆಣಸಾಡಿ ಗಾಯಗೊಂಡಿದ್ದ. ಅವನೂ ಉಳಿದ. ಆ ಸೆಣಸಾಟದ ಪ್ರತಿಮೆ ಪಾಶ್ಚರ್ ಸಂಸ್ಥೆಯ ಆವರಣದಲ್ಲಿ ಇವತ್ತಿಗೂ ಇದೆ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನೇ ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ.

ನಮ್ಮ ಕಡೆಯ ಅಜ್ಜ-ಅಜ್ಜಿಯರ ನೆನಪಿನಲ್ಲಿರುವ ಲಸಿಕೆ ಬೇರೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್! ಆ ಮಾತು ಸುಳ್ಳಲ್ಲ. ಹಿಮಾಚಲದ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯ ರೂಪಿಸಿದ, ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಹೊಟ್ಟೆಗೇ ಚುಚ್ಚುತ್ತಿದ್ದರು. ಬಹಳ ನೋವು, ಕೆಲವರಿಗೆ ಅಡ್ಡಪರಿಣಾಮವೂ ಆಗುತ್ತಿತ್ತು. ಅದರ ತಯಾರಿಕೆಯನ್ನು ಭಾರತ 2004ರ ಕೊನೆಗೆ ನಿಲ್ಲಿಸಿತು. ಆದರೆ ಲಸಿಕೆ ಹೋದರೂ ಭಯ ಹೋಗಲಿಲ್ಲ. 'ಹೊಟ್ಟೆಗೆ ಚುಚ್ಚುತ್ತಾರಂತೆ' ಎಂದು ನಾಯಿ ಕಚ್ಚಿದ್ದನ್ನು ಮುಚ್ಚಿಡುವ ಮಕ್ಕಳು ಈಗಲೂ ಇದ್ದಾರೆ.

ಈಗಿನ ಲಸಿಕೆಯನ್ನು ಕೊಡುವುದು ತೋಳಿಗೆ. ತೀರ ಚಿಕ್ಕ ಮಕ್ಕಳಿಗೆ ತೊಡೆಗೆ. ಪೃಷ್ಠಕ್ಕೆ ಕೊಡುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದ ಪದರದೊಳಗೆ, ಎರಡು ಕಡೆ, ಒಂದೊಂದು ಕಡೆ 0.1 ಮಿಲಿಲೀಟರ್, ಅಂದರೆ ಎರಡು ಪುಟ್ಟ ಗುಳ್ಳೆಗಳಷ್ಟು ಲಸಿಕೆ ಕೊಡುತ್ತಾರೆ. ಹಾಗೆ ನಾಲ್ಕು ಸಲ ಹೋಗಬೇಕು: 0, 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವ ಪದ್ಧತಿಯಾದರೆ 14ನೇ ದಿನವೂ ಸೇರಿ ಐದು ಸಲ. ಇಲ್ಲಿ ಸೊನ್ನೆ ಎಂದರೆ ನಾಯಿ ಕಚ್ಚಿದ ದಿನವಲ್ಲ, ಮೊದಲ ಇಂಜೆಕ್ಷನ್ ತೆಗೆದುಕೊಂಡ ದಿನ. ಕಚ್ಚಿದ ದಿನವೇ ಅದೂ ಆಗಿದ್ದರೆ ಒಳ್ಳೆಯದು. ಇದನ್ನು ಗಣಿತದ ಪೀರಿಯಡ್ಡಿಗೆ ಕೊಡಿ: ಮೊದಲ ಇಂಜೆಕ್ಷನ್ ಜೂನ್ 10ಕ್ಕೆ ಆದರೆ ಮುಂದಿನವು ಯಾವಾಗ? 13, 17, ಆಮೇಲೆ? ಜೂನ್‌ಗೆ ಮೂವತ್ತೇ ದಿನ ಎನ್ನುವುದನ್ನು ಮರೆತವರು ತಪ್ಪುತ್ತಾರೆ. ಜುಲೈ 8 ಎಂದು ಸರಿಯಾಗಿ ಹೇಳಿದ ಮಗು ಮನೆಯಲ್ಲಿ ಯಾರಿಗೇ ಕಚ್ಚಿದರೂ ತಾರೀಖು ನೆನಪಿಸುವ ಮಗು. ಗಾಯ ಮಾಯಿತು, ನಾಯಿಯೂ ಚೆನ್ನಾಗಿ ಓಡಾಡಿಕೊಂಡಿದೆ ಎಂದು ಎರಡು ಡೋಸಿಗೆ ತಾವೇ ನಿಲ್ಲಿಸಿಬಿಡುವವರು ನಮ್ಮಲ್ಲಿ ಬಹಳ. ಕಚ್ಚಿದ ನಾಯಿ ಅಥವಾ ಬೆಕ್ಕು ಹತ್ತು ದಿನ ಕಳೆದರೂ ಆರೋಗ್ಯವಾಗಿದ್ದರೆ ವೈದ್ಯರು ಮುಂದಿನದನ್ನು ಬದಲಿಸಬಹುದು. ಆ ತೀರ್ಮಾನ ವೈದ್ಯರದು. ನಾಯಿ ಏನಾಗುತ್ತದೋ ನೋಡೋಣ ಎಂದು ಮೊದಲ ಇಂಜೆಕ್ಷನ್ನನ್ನೇ ತಡಮಾಡುವುದು ಮಾತ್ರ ಸಲ್ಲದು.

ಲಸಿಕೆ ಹಾಕಿದ ತಕ್ಷಣ ಕಾವಲುಗಾರರು ಹುಟ್ಟಿಬಿಡುವುದಿಲ್ಲ. ಒಂದೆರಡು ವಾರ ಹಿಡಿಯುತ್ತದೆ. ಗಾಯ ಆಳವಾಗಿದ್ದರೆ ಅಷ್ಟರೊಳಗೆ ವೈರಸ್ ನರ ಸೇರಿಬಿಟ್ಟರೆ? ಅದಕ್ಕೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳಿವೆ. ಊರಿನ ಹುಡುಗರು ತರಬೇತಿ ಮುಗಿಸಿ ಬರುವ ತನಕ ಪಕ್ಕದ ಊರಿನಿಂದ ಕರೆಸಿಕೊಂಡ ಕಾವಲುಗಾರರ ಹಾಗೆ. ಅದನ್ನು ಗಾಯದೊಳಗೆ ಮತ್ತು ಗಾಯದ ಸುತ್ತಲೇ ಚುಚ್ಚುತ್ತಾರೆ. ನೋಯುತ್ತದೆ, ನೋಯುವುದಿಲ್ಲ ಎಂದು ಮಕ್ಕಳಿಗೆ ಸುಳ್ಳು ಹೇಳಬಾರದು. ಚರ್ಮ ಸೀಳಿ ರಕ್ತ ಬಂದಿದ್ದರೆ, ಮೊದಲೇ ಇದ್ದ ಗಾಯವನ್ನು ಅಥವಾ ಬಾಯಿ-ಕಣ್ಣನ್ನು ನಾಯಿ ನೆಕ್ಕಿದ್ದರೆ ಲಸಿಕೆಯ ಜೊತೆ ಇದೂ ಬೇಕು. ರಕ್ತ ಬಾರದ ಸಣ್ಣ ಪರಚು ಗಾಯಕ್ಕೆ ಲಸಿಕೆ ಸಾಕು. ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ, ನಾಯಿಯನ್ನು ಮುಟ್ಟಿದರೆ, ಅನ್ನ ಹಾಕಿದರೆ ಏನೂ ಬೇಡ, ಕೈ ತೊಳೆದರೆ ಆಯಿತು. ಯಾವುದು ಯಾವ ಬಗೆಯ ಗಾಯ ಎಂದು ನೋಡಿ ಹೇಳಬೇಕಾದವರು ವೈದ್ಯರು. ಪಿಎಚ್‌ಸಿಯಲ್ಲಿ ಇಮ್ಯುನೋಗ್ಲಾಬ್ಯುಲಿನ್ ಇಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಮೊದಲ ಲಸಿಕೆಯಾಗಿ ಏಳು ದಿನದೊಳಗೆ ಅದು ಆಗಿಹೋಗಬೇಕು. ಎಲ್ಲಿ ಸಿಗುತ್ತದೆ ಎಂದು ತಿಳಿಯಲು 104ಕ್ಕೆ ಫೋನ್ ಮಾಡಬಹುದು.

ಮೂರು ಮಾತು, ಅದರಲ್ಲೂ ನಡುವಿನದು

ಇಷ್ಟೆಲ್ಲ ವಿಜ್ಞಾನ ಒಂದನೇ ತರಗತಿಯ ಮಗುವಿಗೆ ಬೇಕಿಲ್ಲ. ಅದಕ್ಕೆ ಮೂರೇ ಮಾತು: ತೊಳೆ, ಹೇಳು, ಹೊರಡು. ಕಚ್ಚಿದರೂ ಇದೇ, ಪರಚಿದರೂ ಇದೇ, ಗಾಯ ನೆಕ್ಕಿದರೂ ಇದೇ. ನಾಯಿಗೂ ಇದೇ, ಬೆಕ್ಕಿಗೂ ಇದೇ, ಕೋತಿಗೂ ಇದೇ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಕೈಸನ್ನೆ ಮಾಡಿ ಹೇಳಿಸಿದರೆ ಒಂದು ವಾರದಲ್ಲಿ ಇಡೀ ಶಾಲೆಗೆ ಬಾಯಿಪಾಠ.

ಮೂರರಲ್ಲಿ ಕಷ್ಟದ್ದು ನಡುವಿನ ಮಾತು. ಮಕ್ಕಳು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂದು ನಾನು ಒಮ್ಮೆ ಹೆಸರು ಬರೆಯದ ಚೀಟಿಗಳಲ್ಲಿ ಉತ್ತರ ಕೇಳಿದ್ದೆ. 'ಅಪ್ಪ ಹೊಡೀತಾರೆ.' 'ಆ ಬೀದಿಗೆ ಹೋಗಬೇಡ ಅಂದಿದ್ರು, ಹೋಗಿದ್ದೆ.' 'ಇಂಜೆಕ್ಷನ್ ಭಯ.' 'ಬರೀ ಹಲ್ಲು ತಾಗಿತ್ತು.' 'ನಮ್ಮ ಮನೆ ನಾಯೀನೇ.' ಒಂದು ಚೀಟಿಯಲ್ಲಿ 'ಅಮ್ಮನಿಗೆ ಕೂಲಿ ತಪ್ಪುತ್ತೆ' ಎಂದಿತ್ತು. ಆ ಚೀಟಿ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಈ ಐದಾರು ಚೀಟಿಗಳೇ ನಿಜವಾದ ಪಾಠಪಟ್ಟಿ ಎಂದು ನನಗೆ ಅನ್ನಿಸುತ್ತದೆ. ಮಗುವಿಗೆ 'ಹೇಳು' ಎಂದು ಕಲಿಸಿ, ಮನೆಯವರಿಗೆ 'ಬೈಯಬೇಡಿ' ಎಂದು ಕಲಿಸದಿದ್ದರೆ ಪಾಠ ಅರ್ಧಕ್ಕೆ ನಿಂತ ಹಾಗೆ. ಆದ್ದರಿಂದ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ತಾಯಂದಿರ ಸಭೆಯಲ್ಲಿ ಆಶಾ ಕಾರ್ಯಕರ್ತೆಯನ್ನು ಕರೆಸಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಸಬೇಕು: ನಾಯಿ ಕಚ್ಚಿತು ಎಂದು ಮಗು ಬಂದು ಹೇಳಿದರೆ 'ಯಾಕೆ ಹೋದೆ' ಎನ್ನುವ ಮೊದಲು ಸೋಪು ಹಿಡಿಯಿರಿ. ಶಾಲೆಯಲ್ಲೂ ಅಷ್ಟೇ. ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸುವ ಶಾಲೆಯಲ್ಲಿ, ಬೆಳಿಗ್ಗೆ ಇಂಜೆಕ್ಷನ್ನಿಗೆ ಹೋಗಿಬರುವ ಮಗು ಮೂರನೇ ಡೋಸು ತಪ್ಪಿಸುತ್ತದೆ.

ತಿಂಗಳ ಹಿಂದೆ ಕಚ್ಚಿದ್ದನ್ನು ಮುಚ್ಚಿಟ್ಟ ಮಗುವಿಗೂ ಒಂದು ಮಾತು ಹೇಳಬೇಕು. ಲಕ್ಷಣ ಬರುವ ತನಕ ತಡವಾಯಿತು ಎನ್ನುವುದಿಲ್ಲ. ಎಷ್ಟು ದಿನವಾಗಿದ್ದರೂ ಹೇಳು, ಹೋಗೋಣ.

ಮನೆಮದ್ದಿನ ವಿಚಾರವನ್ನು ಮಕ್ಕಳ ಮೂಲಕ ಮನೆಗೆ ಮುಟ್ಟಿಸುವಾಗ ಜಾಣ್ಮೆ ಬೇಕು. ಗಾಯಕ್ಕೆ ಸುಣ್ಣ, ಖಾರದ ಪುಡಿ, ಕಾಫಿಪುಡಿ, ಅರಿಶಿನ, ಎಣ್ಣೆ ಹಚ್ಚುವ ರೂಢಿ ಎಷ್ಟೋ ಕಡೆ ಇದೆ. ನಿಮ್ಮ ಅಜ್ಜಿ ದಡ್ಡರು ಎಂದರೆ ಯಾವ ಮಗುವೂ ಒಪ್ಪುವುದಿಲ್ಲ, ಒಪ್ಪಲೂಬಾರದು. ನಲ್ಲಿಯ ಹತ್ತಿರ ಮಾಡಿದ ಪ್ರಯೋಗವನ್ನು ಅಜ್ಜಿಗೆ ತೋರಿಸು ಎನ್ನಿ. ಉರಿಯುವ ವಸ್ತು ಹಾಕಿ ಉಜ್ಜಿದರೆ ಗಾಯ ಕೆದಕಿ ವೈರಸ್ ಇನ್ನೂ ಒಳಕ್ಕೆ ಹೋಗುತ್ತದೆ, ಎಣ್ಣೆ ಹಚ್ಚಿದರೆ ಸೋಪು ಮಾಡಬೇಕಾದ ಕೆಲಸ ಕೆಡುತ್ತದೆ. ಗಾಯಕ್ಕೆ ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ. ಇಂಜೆಕ್ಷನ್ ನಡೆಯುವಾಗ ಬದನೆಕಾಯಿ, ಕೋಳಿ ತಿನ್ನಬಾರದು ಎಂಬ ಪಥ್ಯಕ್ಕೂ ಆಧಾರವಿಲ್ಲ. ನಾಟಿ ಔಷಧಿಯವರ ಬಳಿ ಹೋಗಿ ಕಳೆಯುವ ಒಂದೊಂದು ದಿನವೂ ಓಟದಲ್ಲಿ ವೈರಸ್ಸಿಗೆ ಬಿಟ್ಟುಕೊಟ್ಟ ದಿನ.

ಹಳ್ಳಿ ಶಾಲೆಗಳಲ್ಲಿ ದನಕರುಗಳ ಮಾತೂ ಬರಬೇಕು. ಹುಚ್ಚುನಾಯಿ ಕಚ್ಚಿದ ಹಸು ಜೊಲ್ಲು ಸುರಿಸುತ್ತ, ಒಂದೇ ಸಮನೆ ಕೂಗುತ್ತ ನಿಂತಿರುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರು ಬಾಯಿಗೆ ಕೈ ಹಾಕಿಬಿಡುತ್ತಾರೆ. ಕೈಯಲ್ಲಿ ಮೇವು ಕೊಯ್ಯುವಾಗ ಆದ ಗೀರು ಇದ್ದರೆ ಅದೇ ಅಪಾಯ. ಅಂಥ ಹಸುವಿನಿಂದ ದೂರವಿದ್ದು 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಬೇಕು. ಕಾಯಿಸಿದ ಹಾಲಿನಿಂದ ಮಾತ್ರ ರೇಬೀಸ್ ಬರುವುದಿಲ್ಲ. ಹಾಲು ಕುಡಿದೆವೆಂದು ಊರಿಗೆ ಊರೇ ಗಾಬರಿಯಾಗಬೇಕಿಲ್ಲ.

ನಾಯಿಯನ್ನು ಓದುವುದು

ನಾಯಿ ಕಡಿತದ ಪಾಠ ಕೇಳಿದ ಮಕ್ಕಳು ಸಂಜೆ ನಾಯಿಗೆ ಕಲ್ಲು ಹೊಡೆದರೆ ಆ ಪಾಠ ಸೋತಿತು ಎಂದೇ ನಾನು ತಿಳಿಯುತ್ತೇನೆ. ರೇಬೀಸಿನಿಂದ ಮೊದಲು ಸಾಯುವುದು ನಾಯಿಯೇ. ಕಲ್ಲು ತಿಂದ ನಾಯಿಯೇ ಮುಂದೆ ಕಚ್ಚುವುದು.

ಅಂಗಳದಲ್ಲಿ ಇದನ್ನು ಆಟವಾಡಿಸಿ. ಒಬ್ಬ ನಾಯಿಯಾಗಲಿ. ಓಡಿದವರನ್ನು ಮಾತ್ರ ಅಟ್ಟಿಸಿಕೊಂಡು ಹೋಗಬೇಕು ಎಂಬುದು ನಾಯಿಗೆ ನಿಯಮ. 'ಮರ' ಎಂದು ಕೂಗಿದ ಕೂಡಲೇ ಉಳಿದವರು ಇದ್ದಲ್ಲೇ ನಿಲ್ಲಬೇಕು, ಕೈ ಮಡಚಿ ಮೈಗೆ ಅಂಟಿಸಿ, ಕಣ್ಣು ತಮ್ಮ ಪಾದದ ಮೇಲೆ. ನಾಯಿಯ ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಅದು ಸವಾಲು ಎಂದುಕೊಳ್ಳುತ್ತದೆ. ಮೂಸಿ ಹೋಗಲಿ ಬಿಡಿ, ಮರ ಅಲುಗಾಡುವುದಿಲ್ಲ. 'ಬಂಡೆ' ಎಂದರೆ ಬಿದ್ದವರು ಮುಖ ಕೆಳಗೆ ಮಾಡಿ ಮುದುರಿಕೊಂಡು, ಬೆರಳು ಹೆಣೆದು ಕುತ್ತಿಗೆಯ ಹಿಂದೆ ಇಟ್ಟು, ತೋಳಿನಿಂದ ಕಿವಿ ಮುಚ್ಚಿಕೊಳ್ಳಬೇಕು. ಸೈಕಲ್ಲಿನಲ್ಲಿ ಬರುವವರು ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಧಾನವಾಗಿ ತಳ್ಳಿಕೊಂಡು ಹೋಗಬೇಕು. ಹತ್ತು ಸಲ ಆಡಿದ ಮೇಲೆ ಮೈಗೆ ಅಭ್ಯಾಸವಾಗುತ್ತದೆ. ಭಯ ಬಂದ ಕ್ಷಣದಲ್ಲಿ ನೆರವಿಗೆ ಬರುವುದು ಆ ಅಭ್ಯಾಸವೇ.

ಊಟ ಮಾಡುವ, ಮಲಗಿರುವ, ಮರಿಗಳ ಜೊತೆಗಿರುವ ನಾಯಿಯ ಹತ್ತಿರ ಹೋಗಬಾರದು. ಮರಿ ಮುದ್ದಾಗಿದೆ ಎಂದು ಎತ್ತಿಕೊಳ್ಳಬಾರದು. ಜಗಳವಾಡುವ ನಾಯಿಗಳನ್ನು ಬಿಡಿಸಲು ಹೋಗಬಾರದು. ಬಾಲ ಆಡಿಸಿದ ಮಾತ್ರಕ್ಕೆ ಸ್ನೇಹ ಎಂದಲ್ಲ. ಬಾಲ ಕಾಲ ಸಂದಿಗೆ ಸೇರಿದ್ದರೆ ಹೆದರಿದೆ, ಬೆನ್ನಿನ ಕೂದಲು ನಿಮಿರಿ ಹಲ್ಲು ಕಾಣುತ್ತಿದ್ದರೆ ಸಿಟ್ಟಿನಲ್ಲಿದೆ, ಎರಡೂ ಕಚ್ಚಬಹುದು. ರೇಬೀಸ್ ಬಂದ ನಾಯಿಯ ದನಿ ಒಡೆದಿರುತ್ತದೆ, ಜೊಲ್ಲು ಸುರಿಯುತ್ತದೆ, ಕಲ್ಲು-ಕಡ್ಡಿಗಳನ್ನೂ ಕಚ್ಚುತ್ತದೆ, ಗೊತ್ತುಗುರಿಯಿಲ್ಲದೆ ಅಲೆಯುತ್ತದೆ. ಕೆಲವು ನಾಯಿಗಳು ಇದಾವುದೂ ಇಲ್ಲದೆ ಕೆಳದವಡೆ ಜೋತುಬಿದ್ದು ಮೂಲೆಯಲ್ಲಿ ಮಂಕಾಗಿ ಮಲಗಿರುತ್ತವೆ. ಇಂಥ ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರಬಹುದು. ಆದ್ದರಿಂದ 'ನಾಯಿ ನೋಡಲು ಚೆನ್ನಾಗಿತ್ತು' ಎನ್ನುವುದು ಸಮಾಧಾನದ ಮಾತಲ್ಲ.

ಬೀದಿನಾಯಿಯ ಕಿವಿ ನೋಡಿ ಬನ್ನಿ ಎಂದು ದೂರದಿಂದ ಮಾಡುವ ಮನೆಗೆಲಸ ಕೊಡಬಹುದು. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಶಕ್ತಿಹರಣ ಮಾಡಿ, ಆಗ ರೇಬೀಸ್ ಲಸಿಕೆಯನ್ನೂ ಹಾಕಿ ಬಿಟ್ಟ ನಾಯಿ ಅದು. ಆ ಲಸಿಕೆಯ ಬಲ ಈಗಲೂ ಉಳಿದಿದೆಯೆಂದು ಕಿವಿ ಹೇಳುವುದಿಲ್ಲವಾದ್ದರಿಂದ, ಅಂಥ ನಾಯಿ ಕಚ್ಚಿದರೂ ಆಸ್ಪತ್ರೆಗೆ ಹೋಗಲೇಬೇಕು. ಮನೆಯ ನಾಯಿ-ಬೆಕ್ಕಿಗೆ ಮೂರು ತಿಂಗಳಾದಾಗ ಶುರುಮಾಡಿ ವರ್ಷವರ್ಷವೂ ಲಸಿಕೆ ಹಾಕಿಸಬೇಕು.

ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ರೋಗ ಹರಡುವುದು ನಿಲ್ಲುತ್ತದೆ ಎನ್ನುತ್ತಾರೆ. ಉಳಿದ ಮೂವತ್ತರ ಗತಿಯೇನು ಎಂದು ಮಕ್ಕಳು ಕೇಳುತ್ತಾರೆ. ಹತ್ತು ಮಕ್ಕಳನ್ನು ವೃತ್ತದಲ್ಲಿ ನಿಲ್ಲಿಸಿ ಏಳು ಮಂದಿಗೆ ಹಸಿರು ಚೀಟಿ ಕೊಡಿ. ಚೆಂಡು ರೋಗ. ಹಸಿರು ಚೀಟಿಯವರ ಕೈಗೆ ಬಂದ ಚೆಂಡು ಅಲ್ಲೇ ನಿಲ್ಲಬೇಕು, ಉಳಿದವರು ಕಣ್ಣುಮುಚ್ಚಿ ಯಾರಿಗಾದರೂ ಎಸೆಯಬಹುದು. ಒಂದೆರಡು ಎಸೆತದಲ್ಲಿ ಚೆಂಡು ನಿಂತುಹೋಗುತ್ತದೆ. ರೇಬೀಸ್ ಬಂದ ನಾಯಿ ಸರಾಸರಿಯಲ್ಲಿ ಒಂದೆರಡು ನಾಯಿಗಳಿಗಷ್ಟೇ ರೋಗ ದಾಟಿಸುತ್ತದೆ. ದಾಟುವ ದಾರಿಯಲ್ಲಿ ಲಸಿಕೆ ಪಡೆದ ನಾಯಿಗಳೇ ಎದುರಾದರೆ ಸರಪಳಿ ಕಡಿಯುತ್ತದೆ.

ಇದು ಬರೀ ಆಟದ ಮಾತಲ್ಲ. ಕಾರವಾರದ ಆಚೆಗಿನ ಗೋವಾದಲ್ಲಿ ಮಾಡಿ ತೋರಿಸಿದ್ದಾರೆ. ಸರ್ಕಾರ ಮತ್ತು ಮಿಷನ್ ರೇಬೀಸ್ ಸಂಸ್ಥೆ ಸೇರಿ ವರ್ಷವರ್ಷವೂ ಬೀದಿ ಬೀದಿ ಸುತ್ತಿ, ಬಲೆಯಲ್ಲಿ ನಾಯಿ ಹಿಡಿದು ಲಸಿಕೆ ಹಾಕಿ ಅಲ್ಲೇ ಬಿಟ್ಟವು. ಶಂಕಿತ ನಾಯಿಯ ಸುದ್ದಿ ಬಂದರೆ ಹೋಗಿ ಪರೀಕ್ಷಿಸಿದವು. ಜೊತೆಜೊತೆಗೆ ಶಾಲೆ ಶಾಲೆಗೆ ಹೋಗಿ ಪಾಠ ಮಾಡಿದವು. 2018ರ ನಂತರದ ವರ್ಷಗಳಲ್ಲಿ ಅಲ್ಲಿ ಮನುಷ್ಯರ ಸಾವು ಸೊನ್ನೆಗೆ ಇಳಿಯಿತು, 2021ರಲ್ಲಿ ಗೋವಾ ತನ್ನನ್ನು ರೇಬೀಸ್ ನಿಯಂತ್ರಿತ ರಾಜ್ಯ ಎಂದು ಘೋಷಿಸಿಕೊಂಡಿತು. ನಮ್ಮ ಕರ್ನಾಟಕದಲ್ಲಿ 2024ರಲ್ಲಿ ನಾಯಿ ಕಡಿತದ ಸುಮಾರು 3.6 ಲಕ್ಷ ಪ್ರಕರಣಗಳು, 42 ರೇಬೀಸ್ ಸಾವುಗಳು ಲೆಕ್ಕಕ್ಕೆ ಸಿಕ್ಕಿವೆ. ಬೆಂಗಳೂರೊಂದರಲ್ಲೇ 2023ರ ಗಣತಿಯಂತೆ ಸುಮಾರು 2.79 ಲಕ್ಷ ಬೀದಿನಾಯಿಗಳು. ಮನುಷ್ಯರಿಗೆ ರೇಬೀಸ್ ಬಂದರೆ ಸರ್ಕಾರಕ್ಕೆ ತಿಳಿಸುವುದನ್ನು ಕರ್ನಾಟಕ 2022ರ ಡಿಸೆಂಬರಿನಲ್ಲಿ ಕಡ್ಡಾಯ ಮಾಡಿತು. ನಾಯಿಯಿಂದ ಬರುವ ರೇಬೀಸಿನ ಸಾವನ್ನು 2030ರೊಳಗೆ ಇಲ್ಲವಾಗಿಸುವುದು ದೇಶದ ಗುರಿ. ಇದಕ್ಕೆ ಬೇಕಾದ ಪರಿಣತಿ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ರೇಬೀಸಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ.

ಶಾಲೆ ತನ್ನ ಅಂಗಳದಲ್ಲಿ ಮಾಡಬೇಕಾದ ಕೆಲಸವೂ ಉಂಟು. ಬಿಸಿಯೂಟದ ಎಂಜಲು ಕಾಂಪೌಂಡಿನ ಮೂಲೆಯಲ್ಲಿ ಬಿದ್ದಿದ್ದರೆ ಮಧ್ಯಾಹ್ನ ಎರಡಕ್ಕೆ ನಾಯಿಗಳ ಜಗಳ ಖಚಿತ. ಗುಂಡಿ ತೋಡಿ ಮುಚ್ಚಿ, ಗೊಬ್ಬರ ಮಾಡಿ. ನಲ್ಲಿಯ ಹತ್ತಿರ ಸೋಪು ಯಾವಾಗಲೂ ಇರಲಿ. ಇದಕ್ಕೆಲ್ಲ ಬೇರೆ ಪೀರಿಯಡ್ಡು ಎಲ್ಲಿಂದ ತರುವುದು ಎನ್ನುವ ಶಿಕ್ಷಕರಿಗೆ, ಬ್ಯಾಗಿಲ್ಲದ ಸಂಭ್ರಮ ಶನಿವಾರ ಇದೆಯಲ್ಲ ಎನ್ನುತ್ತೇನೆ.

ಅಂಥದೇ ಒಂದು ಶನಿವಾರ ಪಾಠ ಮುಗಿದು ಎಲ್ಲರೂ ಹೊರಟ ಮೇಲೆ ಐದನೇ ತರಗತಿಯ ಹುಡುಗಿಯೊಬ್ಬಳು ಬಾಗಿಲ ಹತ್ತಿರ ನಿಂತಿದ್ದಳು. 'ಮಿಸ್, ನಾಯಿ ಅಲ್ಲ, ಬೆಕ್ಕು' ಎಂದಳು. ಲಂಗದ ಅಂಚು ಸರಿಸಿ ಮೊಣಕಾಲ ಕೆಳಗೆ ತೋರಿಸಿದಳು; ಎರಡು ಗೆರೆ, ಒಣಗಿ ಉದುರಿದ ಹೊಪ್ಪಳೆ. ಹನ್ನೊಂದು ದಿನವಾಗಿತ್ತಂತೆ, ರಕ್ತ ಬಂದಿತ್ತಂತೆ, ಬೆಕ್ಕು ಆಮೇಲೆ ಕಾಣಿಸಲಿಲ್ಲವಂತೆ. ಅವಳ ತಾಯಿಗೆ ಫೋನ್ ಮಾಡಿದೆ. 'ಹೇಳಿದ್ದು ಒಳ್ಳೆಯದಾಯಿತು' ಎಂದು ಮೊದಲು ಹೇಳಿ, ಆಮೇಲೆ ವಿಷಯ ಹೇಳಿದೆ. ತಾಯಿ ಗದ್ದೆಯಿಂದ ಹಾಗೇ ಬಂದರು. ಆಸ್ಪತ್ರೆಯಲ್ಲಿ ವೈದ್ಯರು ಲಸಿಕೆಯ ಜೊತೆ ಗಾಯವಿದ್ದ ಜಾಗಕ್ಕೂ ಚುಚ್ಚಿದರು. ಅವಳು ಅತ್ತಳು, ಆದರೆ ಕಾಲು ಎಳೆದುಕೊಳ್ಳಲಿಲ್ಲ. ನರ್ಸ್ ಕಾರ್ಡಿನಲ್ಲಿ ತಾರೀಖು ಬರೆಯುವ ಮೊದಲೇ ಬೆರಳು ಮಡಚಿ ಎಣಿಸಿ ಮುಂದಿನ ಮೂರು ದಿನಗಳನ್ನು ತಾನೇ ಹೇಳಿದಳು.

28ನೇ ದಿನ ಪ್ರಾರ್ಥನೆ ಮುಗಿದ ಮೇಲೆ ಬಂದಳು. ಯಾಕೆ ತಡ ಎಂದು ಯಾರೂ ಕೇಳಲಿಲ್ಲ. ಜಾಮಿಟ್ರಿ ಬಾಕ್ಸ್ ತೆಗೆದು ಮಡಚಿಟ್ಟಿದ್ದ ಕಾರ್ಡು ತೋರಿಸಿದಳು, ನಾಲ್ಕೂ ಮನೆಗಳಲ್ಲಿ ಗುರುತು ಬಿದ್ದಿತ್ತು.